ಎನ್‌ಪಿಎಸ್ ಬಿಟ್ಟು ಯುಪಿಎಸ್ ಆರಿಸಿಕೊಂಡೆ: ನನ್ನ ಲೆಕ್ಕ, ನನ್ನ ಕಾರಣ

2025ರ ಸೆಪ್ಟೆಂಬರ್ ಮೂರನೇ ವಾರ ಪಿಂಚಣಿ ಯೋಜನೆ ಬದಲಿಸುವ ನಮೂನೆ ಎ2ಕ್ಕೆ ಸಹಿ ಹಾಕಿ ಕಚೇರಿಯ ಮುಖ್ಯಸ್ಥರ ಕೈಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದೆ. ಸುಮಾರು ಹದಿನೆಂಟು ವರ್ಷ ಎನ್‌ಪಿಎಸ್‌ನಲ್ಲಿ, ಎಂದರೆ ಕೂಡಿಟ್ಟ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಪಿಂಚಣಿ ಕೊಡುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿದ್ದ ನಾನು ಅಂದಿನಿಂದ ಖಾತರಿ ಪಿಂಚಣಿಯ ಯುಪಿಎಸ್, ಎಂದರೆ ಏಕೀಕೃತ ಪಿಂಚಣಿ ಯೋಜನೆಯವನು. ಈ ಸಹಿಗೆ ನಾಲ್ಕು ತಿಂಗಳು ಹಿಡಿಯಿತು. ಸಹೋದ್ಯೋಗಿಗಳು ಈಗಲೂ ‘ಯಾವುದು ಲಾಭ’ ಎಂದೇ ಕೇಳುತ್ತಾರೆ. ನಾನೂ ಅದೇ ಪ್ರಶ್ನೆಯಿಂದ ಹೊರಟವನು, ಅದಕ್ಕೇ ಅಷ್ಟು ತಡವಾಯಿತು.

ನಾನು ಮೈಸೂರಿನಲ್ಲಿ ಕೇಂದ್ರ ಸರ್ಕಾರದ ನೌಕರ. ಇಲಾಖೆಯಲ್ಲೇ ಕಾಯಂ ಅಲ್ಲದ ಕೆಲಸದಲ್ಲಿ ವರ್ಷಗಟ್ಟಲೆ ದುಡಿದು, ಇಲಾಖಾ ಪರೀಕ್ಷೆ ಬರೆದು, 2007ರ ಡಿಸೆಂಬರ್‌ನಲ್ಲಿ 36ನೇ ವಯಸ್ಸಿಗೆ ಕಾಯಂ ಆದೆ. ಹಿಂದಿನ ಆ ದುಡಿಮೆ ಪಿಂಚಣಿಯ ಲೆಕ್ಕಕ್ಕೆ ಬರುವುದಿಲ್ಲ. 2004ರ ಜನವರಿ 1ರ ನಂತರ ಸೇರಿದ್ದರಿಂದ ಹಳೆಯ ಪಿಂಚಣಿಯೂ ಇಲ್ಲ. ನಿವೃತ್ತಿ 2031ರ ಜೂನ್ 30ಕ್ಕೆ. ಅಷ್ಟರಲ್ಲಿ ನನ್ನ ಸೇವೆ ಇಪ್ಪತ್ಮೂರೂವರೆ ವರ್ಷ, ಎಂದರೆ 282 ತಿಂಗಳು ಆಗಿರುತ್ತದೆ.

ಯುಪಿಎಸ್‌ನಲ್ಲಿ 25 ವರ್ಷ ಸೇವೆ ಮುಗಿಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತರಿ. ಅದಕ್ಕಿಂತ ಕಡಿಮೆ ಸೇವೆಯಿದ್ದರೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 300 ತಿಂಗಳಿಗೆ ಶೇ 50 ಆದರೆ ನನ್ನ 282 ತಿಂಗಳಿಗೆ ಶೇ 47. ಹತ್ತು ವರ್ಷವಾದರೂ ಸೇವೆ ಮಾಡಿದವರಿಗೆ ತಿಂಗಳಿಗೆ ಕನಿಷ್ಠ ₹10,000 ಇದೆ. ‘ಅರ್ಧ ಸಂಬಳ ಪಿಂಚಣಿ’ ಎಂಬ ಮಾತನ್ನಷ್ಟೇ ಕೇಳಿ ನಮೂನೆ ತುಂಬಿದವರನ್ನು ನೋಡಿದ್ದೇನೆ. ಮೊದಲು ಸೇವಾ ಪುಸ್ತಕ ತೆಗೆದು ತಿಂಗಳು ಎಣಿಸಬೇಕು.

ಲೆಕ್ಕ ಹಾಕುವಾಗ ಮೊದಲ ಬಾರಿ ಒಂದು ದೊಡ್ಡ ತಪ್ಪು ಮಾಡಿದೆ. ಎನ್‌ಪಿಎಸ್ ಮೊತ್ತವನ್ನು 2031ಕ್ಕೆ ಬೆಳೆಸಿಕೊಂಡು, ಯುಪಿಎಸ್ ಪಿಂಚಣಿಯನ್ನು ಮಾತ್ರ ಇಂದಿನ ಮೂಲ ವೇತನದ ಮೇಲೆ ಹಾಕಿದ್ದೆ. ಎನ್‌ಪಿಎಸ್ ಎಲ್ಲೋ ಮುಂದೆ ಕಂಡಿತು. ಎರಡನ್ನೂ ಒಂದೇ ದಿನಕ್ಕೆ ತಂದು ನಿಲ್ಲಿಸಿದ ಮೇಲೆ ಚಿತ್ರ ಬದಲಾಯಿತು.

ಈಗ ನನ್ನ ಮೂಲ ವೇತನ ₹37,500. ಬಡ್ತಿಯನ್ನೂ 8ನೇ ವೇತನ ಆಯೋಗವನ್ನೂ ಲೆಕ್ಕಕ್ಕೆ ಸೇರಿಸದೆ, ವರ್ಷವರ್ಷದ ವೇತನ ಹೆಚ್ಚಳವನ್ನಷ್ಟೇ ಹಿಡಿದರೂ ಕೊನೆಯ ವರ್ಷ ಅದು ₹43,500 ಆಗುತ್ತದೆ. ಅದರ ಶೇ 47 ಎಂದರೆ ₹20,445. ಸೆಪ್ಟೆಂಬರ್‌ನಲ್ಲಿ ನಮಗೆ ಬರುತ್ತಿದ್ದ ತುಟ್ಟಿಭತ್ಯೆ ಶೇ 55. ನಿವೃತ್ತಿಯ ಹೊತ್ತಿಗೆ ಶೇ 80 ಆಗಬಹುದೆಂದು ಇಟ್ಟುಕೊಂಡೆ. ಪಿಂಚಣಿಯ ಮೇಲೆ ಅದೇ ದರದಲ್ಲಿ ಸಿಗುವ ತುಟ್ಟಿ ಪರಿಹಾರವೂ ಸೇರಿ ತಿಂಗಳಿಗೆ ಕೈಗೆ ₹36,800. ಅದು ಮುಂದೆ ಬೆಲೆಯೊಂದಿಗೆ ಏರುತ್ತಲೂ ಹೋಗುತ್ತದೆ. ಪ್ರತಿ ಆರು ತಿಂಗಳ ಸೇವೆಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಹತ್ತನೇ ಒಂದು ಭಾಗದಂತೆ ಇಡುಗಂಟು ಬೇರೆ. ನನಗೆ ಅದು ಸುಮಾರು ₹3 ಲಕ್ಷ 68 ಸಾವಿರ. ಗ್ರಾಚ್ಯುಟಿ ಎರಡು ಯೋಜನೆಯಲ್ಲೂ ಇರುವುದರಿಂದ ಅದನ್ನು ಹೊರಗಿಟ್ಟೆ.

ಎನ್‌ಪಿಎಸ್ ಖಾತೆಯಲ್ಲಿ ₹23 ಲಕ್ಷ ಚಿಲ್ಲರೆ ಇತ್ತು. ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ ನನ್ನ ಶೇ 10, ಸರ್ಕಾರದ ಶೇ 14 ಸೇರುತ್ತಾ ಹೋಗಿ, ಶೇ 8ರಂತೆ ಬೆಳೆದರೆ 2031ಕ್ಕೆ ಸುಮಾರು ₹50 ಲಕ್ಷ. ಅದರಲ್ಲಿ ಶೇ 60, ಎಂದರೆ ₹30 ಲಕ್ಷ ತೆರಿಗೆಯಿಲ್ಲದೆ ಕೈಗೆ ಬರುತ್ತದೆ. ಉಳಿದ ₹20 ಲಕ್ಷಕ್ಕೆ ವರ್ಷಾಶನ, ಎಂದರೆ ಬದುಕಿರುವವರೆಗೆ ತಿಂಗಳ ಹಣ ಕೊಡುವ ವಿಮಾ ಕಂಪನಿಯ ಯೋಜನೆ ಕೊಳ್ಳಬೇಕು. ಶೇ 6.5 ಎಂದು ಹಿಡಿದರೆ ತಿಂಗಳಿಗೆ ₹10,800. ಆ ₹30 ಲಕ್ಷವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ ಈಗಿನ ಶೇ 8.2ರ ದರದಲ್ಲಿ ತಿಂಗಳಿಗೆ ₹20,500 ಬಿದ್ದಂತಾಯಿತು. ಒಟ್ಟು ₹31,300. ವ್ಯತ್ಯಾಸ ನಾನೆಣಿಸಿದಷ್ಟು ದೊಡ್ಡದಲ್ಲ. ಆದರೆ ಈ ಮೊತ್ತ ನಿಂತ ನೀರು. 70 ವಯಸ್ಸಿಗೂ ಅಷ್ಟೇ, 85ಕ್ಕೂ ಅಷ್ಟೇ. ಇನ್ನೊಂದು ಕಡೆ, ಎನ್‌ಪಿಎಸ್‌ನ ಆ ₹50 ಲಕ್ಷ ನನ್ನದು, ನನ್ನ ನಂತರ ಮಕ್ಕಳದು. ಯುಪಿಎಸ್‌ನಲ್ಲಿ ನಿವೃತ್ತಿಯ ದಿನ ನನ್ನ ಖಾತೆಯ ಹಣ ಸರ್ಕಾರದ ನಿಧಿಗೆ ಸೇರುತ್ತದೆ. ಬೇಕಿದ್ದರೆ ಶೇ 60ರವರೆಗೆ ಹಿಂಪಡೆಯಬಹುದು, ಆದರೆ ಅದಕ್ಕೆ ತಕ್ಕಂತೆ ಪಿಂಚಣಿ ಕಡಿತವಾಗುತ್ತದೆ.

ಇಲ್ಲಿಗೆ ಬಂದು ತಿಂಗಳುಗಟ್ಟಲೆ ಸಿಕ್ಕಿಕೊಂಡೆ. ಬಿಡಿಸಿದ್ದು ಮನೆಯವಳು. ಒಂದು ರಾತ್ರಿ ಊಟದ ನಂತರ ನನ್ನ ನೋಟ್‌ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, “ರೀ, ನೀವಿರುವಾಗ ಎಷ್ಟು ಬರುತ್ತದೆ ಎಂದು ನಾಲ್ಕು ಪುಟ ಬರೆದಿದ್ದೀರಿ. ನೀವಿಲ್ಲದಾಗ ನನಗೆಷ್ಟು ಬರುತ್ತದೆ ಎಂದು ಎಲ್ಲಿ ಬರೆದಿದ್ದೀರಿ?” ಎಂದಳು. ಬರೆದಿರಲಿಲ್ಲ.

ಅವಳು ನನಗಿಂತ ಎಂಟು ವರ್ಷ ಚಿಕ್ಕವಳು. ಬಟ್ಟೆ ಹೊಲಿಯುತ್ತಾಳೆ, ಸ್ವಂತ ಪಿಂಚಣಿ ಇಲ್ಲ. ನನ್ನ ಅಪ್ಪ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರು ಹೋದ ಮೇಲೆ ಅಮ್ಮ ಕುಟುಂಬ ಪಿಂಚಣಿಯಲ್ಲೇ ಬದುಕಿದ್ದಾಳೆ. ಪ್ರತಿ ನವೆಂಬರ್‌ನಲ್ಲಿ ಒಗೆದು ಮಡಿಸಿಟ್ಟ ಸೀರೆಯುಟ್ಟು, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೊರಡುತ್ತಾಳೆ. ಮಕ್ಕಳ ಮುಂದೆ ಆಕೆ ಇದುವರೆಗೆ ಕೈಯೊಡ್ಡಿಲ್ಲ. ತುಟ್ಟಿಭತ್ಯೆ ಏರಿದಾಗಲೆಲ್ಲ ಅವಳ ಪಿಂಚಣಿಯೂ ಏರಿತು.

ಆ ರಾತ್ರಿಯೇ ಐದನೇ ಪುಟ ಬರೆದೆವು. ಯುಪಿಎಸ್‌ನಲ್ಲಿ ನನ್ನ ಪಿಂಚಣಿಯ ಶೇ 60 ಹೆಂಡತಿಗೆ, ಅದರ ಮೇಲೆ ತುಟ್ಟಿ ಪರಿಹಾರ. 2031ರ ಲೆಕ್ಕದಲ್ಲಿ ₹22,000. ಠೇವಣಿ ಮುಗಿದಾಗ ಎಲ್ಲಿಡಬೇಕು, ಬಡ್ಡಿ ಇಳಿದರೆ ಏನು, ಮಗ ವ್ಯಾಪಾರಕ್ಕೆ ಕೇಳಿದರೆ ಇಲ್ಲವೆನ್ನುವುದು ಹೇಗೆ ಎಂಬ ಯಾವ ಚಿಂತೆಯೂ ಅವಳ ತಲೆಗೆ ಬೀಳುವುದಿಲ್ಲ. ಮಕ್ಕಳಿಬ್ಬರೂ ತಮ್ಮ ಕಾಲ ಮೇಲೆ ನಿಂತಿದ್ದಾರೆ. ಅವರಿಗೆ ₹50 ಲಕ್ಷ ಬಿಟ್ಟುಹೋಗುವುದಕ್ಕಿಂತ ಇವಳಿಗೆ ತಿಂಗಳ ಹಣ ಬಿಟ್ಟುಹೋಗುವುದು ನನಗೆ ಮುಖ್ಯವಾಯಿತು.

ಆದರೆ ನಮ್ಮ ವಿಭಾಗದಲ್ಲೇ ಇರುವ ಒಬ್ಬ ಸಹೋದ್ಯೋಗಿಗೆ ನಾನು ಎನ್‌ಪಿಎಸ್‌ನಲ್ಲೇ ಇರಿ ಎಂದೆ. ಆಕೆಯ ಪತಿ ತೀರಿಕೊಂಡಿದ್ದಾರೆ, ಮಗನಿಗೆ ಬೌದ್ಧಿಕ ಅಂಗವೈಕಲ್ಯ. ನಿವೃತ್ತಿಯ ನಂತರ ಯುಪಿಎಸ್‌ನ ಕುಟುಂಬ ಪಾವತಿ ಸಲ್ಲುವುದು ನಿವೃತ್ತಿಯ ದಿನ ಕಾನೂನುಬದ್ಧ ಸಂಗಾತಿಯಾಗಿದ್ದವರಿಗೆ ಮಾತ್ರ. ಹಳೆಯ ಪಿಂಚಣಿಯಲ್ಲಿ ಅಂಥ ಮಗುವಿಗೆ ಜೀವನಪರ್ಯಂತ ಸಿಗುತ್ತಿದ್ದ ಕುಟುಂಬ ಪಿಂಚಣಿ ಇಲ್ಲಿಲ್ಲ. ಇದು ಯೋಜನೆಯ ದೊಡ್ಡ ಕೊರತೆ, ತಿದ್ದಲೇಬೇಕಾದದ್ದು. ಎನ್‌ಪಿಎಸ್‌ನ ಶೇ 60 ಆದರೂ ಆ ಹುಡುಗನ ಹೆಸರಿಗೆ ಉಳಿಯುತ್ತದೆ, ವರ್ಷಾಶನದ ಅಸಲೂ ಕೊನೆಗೆ ಅವನಿಗೆ ಮರಳುತ್ತದೆ.

ನಿರ್ಧಾರದ ನಂತರ ನಿಜವಾದ ದುಡಿಮೆ ಶುರುವಾಯಿತು. ಯುಪಿಎಸ್‌ನಲ್ಲಿ ನಮ್ಮ ಖಾತೆಯ ಹಣವನ್ನು ಒಂದು ಮಾನದಂಡದ ಮೊತ್ತಕ್ಕೆ ಹೋಲಿಸುತ್ತಾರೆ. ಒಂದು ತಿಂಗಳೂ ತಪ್ಪದೆ ವಂತಿಗೆ ಬಂದು, ನಡುವೆ ಏನನ್ನೂ ತೆಗೆಯದೆ ಇದ್ದಿದ್ದರೆ ಎಷ್ಟಿರಬೇಕಿತ್ತೋ ಅದು ಆ ಮೊತ್ತ. ನಮ್ಮದು ಅದಕ್ಕಿಂತ ಕಡಿಮೆಯಿದ್ದರೆ ತುಂಬಿಸಬೇಕು, ಇಲ್ಲವಾದರೆ ಪಿಂಚಣಿ ಇಳಿಯುತ್ತದೆ. ಹೆಚ್ಚಿದ್ದರೆ ಹೆಚ್ಚಿನದನ್ನು ನಮಗೆ ಮರಳಿಸುತ್ತಾರೆ. 2021ರಲ್ಲಿ ಮಗಳ ನರ್ಸಿಂಗ್ ಓದಿಗೆಂದು ನನ್ನ ಖಾತೆಯಿಂದ ₹90,000 ಭಾಗಶಃ ಹಿಂಪಡೆದಿದ್ದೆ. ಅದರ ಕೊರತೆ ತುಂಬಲು ಈಗ ಬೇರೆ ಹಣ ಕೂಡಿಡುತ್ತಿದ್ದೇನೆ.

ಪ್ರಾನ್ ಖಾತೆಯ, ಎಂದರೆ ನನ್ನ ಎನ್‌ಪಿಎಸ್ ಖಾತೆಯ, ವಹಿವಾಟಿನ ಪಟ್ಟಿಯನ್ನು ಮುದ್ರಿಸಿಕೊಂಡು, ಟ್ರಂಕಿನಲ್ಲಿದ್ದ ಹಳೆಯ ವೇತನ ಚೀಟಿಗಳನ್ನು ವರ್ಷವಾರು ಜೋಡಿಸಿ, ಎರಡು ಭಾನುವಾರ ನೆಲದ ಮೇಲೆ ಕುಳಿತೆ. 2008ರ ಜನವರಿಯಿಂದ 2025ರ ಆಗಸ್ಟ್‌ವರೆಗೆ 212 ತಿಂಗಳು. ಸರಿ ಹೊಂದಿದ್ದಕ್ಕೆಲ್ಲ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. 208 ಗುರುತು ಬಿದ್ದವು. 2008ರ ಮಾರ್ಚ್, ಏಪ್ರಿಲ್, ಮೇ ಮತ್ತು ಆಗಸ್ಟ್ ತಿಂಗಳ ಹಣ ವೇತನದಿಂದ ಕಡಿತವಾಗಿದೆ, ಖಾತೆಗೆ ಬಂದೇ ಇಲ್ಲ. ಹದಿನೇಳು ವರ್ಷ ನಾನು ನೋಡಿರಲಿಲ್ಲ, ಯಾರೂ ಹೇಳಿರಲಿಲ್ಲ. ಮೊತ್ತ ಚಿಕ್ಕದು. ಆದರೆ ಹದಿನೇಳು ವರ್ಷದ ಬೆಳವಣಿಗೆ ಚಿಕ್ಕದಲ್ಲ. 2004ರಿಂದ 2012ರ ನಡುವೆ ಹೀಗೆ ಜಮೆಯಾಗದೆ ಉಳಿದ ಅಥವಾ ತಡವಾದ ವಂತಿಗೆಗೆ ಪರಿಹಾರ ಕೊಡುವ ಕೇಂದ್ರದ ನಿರ್ಣಯ 2019ರಲ್ಲೇ ಬಂದಿದೆ. ಅದನ್ನು ಉಲ್ಲೇಖಿಸಿ, ನಾಲ್ಕೂ ಚೀಟಿಗಳ ದೃಢೀಕೃತ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟಿದ್ದೇನೆ. ಮೊದಲ ಉತ್ತರ ‘ದಾಖಲೆ ಲಭ್ಯವಿಲ್ಲ’ ಎಂದಿತ್ತು. ದಾಖಲೆ ನನ್ನ ಬಳಿ ಇದೆ ಎಂದು ಎರಡನೇ ಅರ್ಜಿ ಬರೆದೆ. ಈಗ ಕಡತ ಲೆಕ್ಕ ವಿಭಾಗಕ್ಕೆ ಹೋಗಿದೆ.

ಆಯ್ಕೆಯ ಗಡುವು 2025ರ ಜೂನ್ 30ರಿಂದ ಸೆಪ್ಟೆಂಬರ್ 30ಕ್ಕೆ, ಆಮೇಲೆ ನವೆಂಬರ್ 30ಕ್ಕೆ ಮುಂದೆ ಹೋಯಿತು. ನಾನು ಕಾಯಲಿಲ್ಲ. ಯುಪಿಎಸ್‌ನಿಂದ ಎನ್‌ಪಿಎಸ್‌ಗೆ ಒಮ್ಮೆ ಮರಳುವ ಅವಕಾಶ ನಿವೃತ್ತಿಗೆ ಒಂದು ವರ್ಷ ಮುಂಚಿನವರೆಗೂ ಇದೆ ಎಂಬುದು ಧೈರ್ಯ ಕೊಟ್ಟಿತು. ಗಡುವು ದಾಟಿದ ಮೇಲೆ ಎನ್‌ಪಿಎಸ್‌ನಲ್ಲಿ ಉಳಿದವರಿಗೆ ಈ ಕಡೆ ಬರುವ ದಾರಿಯಿಲ್ಲ.

ಮನೆಯ ಗಾಡ್ರೇಜ್ ಬೀರುವಿನ ಬಾಗಿಲ ಒಳಗಡೆ ಈಗ ಒಂದು ಚೀಟಿ ಅಂಟಿಸಿದ್ದೇವೆ: ‘2030 ಜೂನ್ — ಎನ್‌ಪಿಎಸ್‌ಗೆ ಮರಳುವ ಕೊನೆಯ ತಿಂಗಳು. ಐದನೇ ಪುಟ ಮತ್ತೆ ನೋಡುವುದು.’ ಅಕ್ಷರ ನನ್ನ ಹೆಂಡತಿಯದು.