ಸಂಗೀತ ಕಚೇರಿ ಸೀಸನ್ನಿನಲ್ಲಿ ಕಾರನ್ನು ಗ್ಯಾರೇಜಿಗೆ ಬಿಡುವ ಬಗೆ

ರಾಮನವಮಿ ಹತ್ತಿರ ಬಂತೆಂದರೆ ನಮ್ಮ ಹಳೇ ವ್ಯಾಗನಾರ್‌ಗೆ ಏನಾದರೊಂದು ಕಾಯಿಲೆ. ಬಿಸಿಲು ಏರುತ್ತೆ, ಎಸಿ ಕೈಕೊಡುತ್ತೆ, ಇಲ್ಲವೇ ಬ್ಯಾಟರಿ ಮಲಗುತ್ತೆ. ಅದೇ ಹೊತ್ತಿಗೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯವರ ಪೆಂಡಾಲು ಎದ್ದಿರುತ್ತೆ. 1939ರಲ್ಲಿ ಶುರುವಾದ ಸಂಗೀತೋತ್ಸವ ಅದು. ಕಾರಿಗೋಸ್ಕರ ಅದನ್ನು ಬಿಡೋಕಾಗುತ್ತಾ? ಎರಡನ್ನೂ ಸಂಭಾಳಿಸಲು ನಾನು ಮಾಡುವುದು ಹೀಗೆ.

ಮೊದಲು ಕಿವಿ ಕೊಡಿ. ಮೆಕ್ಯಾನಿಕ್‌ಗೆ ಯಾವತ್ತೂ ಕಾಯಿಲೆಯ ಹೆಸರು ಹೇಳಬೇಡಿ, ಶಬ್ದ ಹೇಳಿ. "ಸಸ್ಪೆನ್ಷನ್ ನೋಡಪ್ಪ" ಅಂದರೆ ಬಿಲ್ಲು ಸಸ್ಪೆನ್ಷನ್ ಅಷ್ಟೇ ಉದ್ದ ಬರುತ್ತೆ. "ಹಂಪ್ ಇಳಿಯುವಾಗ ಎಡಗಡೆ ಮುಂದೆ ಟಕ್ ಅನ್ನುತ್ತೆ, ಸಮ ರಸ್ತೆಯಲ್ಲಿ ಇಲ್ಲ" ಅನ್ನಿ. ಅವನು ಎಲ್ಲಿ ಕೈ ಹಾಕಬೇಕೆಂದು ಅವನಿಗೇ ಗೊತ್ತಾಗುತ್ತೆ.

ಪೂರ್ತಿ ಸ್ಟೇರಿಂಗ್ ತಿರುಗಿಸಿ ಹೋಗುವಾಗ ಟಕಟಕ ಅಂದರೆ ಸಾಮಾನ್ಯವಾಗಿ ಸಿವಿ ಜಾಯಿಂಟು, ಅಂದರೆ ಚಕ್ರ ತಿರುಗಿಸುವ ಆಕ್ಸಲ್‌ನ ಕೀಲು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕಿರುಚಿ ಆಮೇಲೆ ಸುಮ್ಮನಾದರೆ ಬೆಲ್ಟು. ಸ್ಪೀಡ್ ಏರಿದ ಹಾಗೆ ಗುಂಯ್ ಅನ್ನುವುದೂ ಏರಿದರೆ ವೀಲ್ ಬೇರಿಂಗ್ ಇರಬಹುದು. ಕೀ ತಿರುಗಿಸಿದರೆ ಬರೀ ಕಟಕಟ, ಎಂಜಿನ್ ತಿರುಗುತ್ತಿಲ್ಲ ಅಂದರೆ ಬ್ಯಾಟರಿ ಕಡೆ ನೋಡಿ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ವೈರು ಬಿಚ್ಚಿ (ನೆಗೆಟಿವ್ ಮೊದಲು), ಬಿಸಿನೀರು ಹಾಕಿ ಹಳೇ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಕಟ್ಟಿ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತೆ. ಬ್ರೇಕ್ ಒತ್ತಿದಾಗ ಕೀರಲು ಶಬ್ದ ಬಂದರೆ ಮಾತ್ರ ಮುಂದೂಡಬೇಡಿ, ಪ್ಯಾಡ್ ಸವೆದಿರಬಹುದು.

ಒಂದು ದೊಡ್ಡ ಗ್ಯಾರೇಜಿನಲ್ಲಿ ಇದೇ ಹಂಪಿನ ಟಕ್ ಶಬ್ದಕ್ಕೆ "ಇಡೀ ಸೆಟ್ಟೇ ಹೋಗಿದೆ ಸಾರ್" ಅಂದರು. ಎಸ್ಟಿಮೇಟ್ ನೋಡಿ ನನ್ನ ಹೆಂಡತಿ "ಇಷ್ಟು ದುಡ್ಡಿಗೆ ಒಂದು ವೀಣೆ ಬರ್ತಿತ್ತಲ್ರೀ" ಅಂದಳು. ಹನುಮಂತನಗರದ ಓಣಿಯಲ್ಲಿರುವ ನಮ್ಮ ಮೆಕ್ಯಾನಿಕ್ ಹುಡುಗ ಕಾರು ಎತ್ತಿ, ಚಕ್ರದ ಹಿಂದೆ ಕೈ ಹಾಕಿ ಒಂದು ಕಡ್ಡಿ ಅಲ್ಲಾಡಿಸಿದ. ಅದರ ತುದಿಯ ರಬ್ಬರು ಹರಿದು, ಗ್ರೀಸ್ ಒಣಗಿ, ಬಾಲು ಸಡಿಲವಾಗಿ ಕಟಕಟ ಆಡುತ್ತಿತ್ತು. "ಲಿಂಕ್ ರಾಡ್ ಸಾರ್, ಇಷ್ಟೇ." ಅದಕ್ಕೇ ಹೇಳೋದು: ಏನು ಹೋಗಿದೆ ಅಂತ ಕೈಯಲ್ಲಿ ಅಲ್ಲಾಡಿಸಿ ತೋರಿಸಿ ಅನ್ನಿ. ತೋರಿಸೋಕೆ ಒಪ್ಪದವರ ಹತ್ತಿರ ಕಾರು ಬಿಡಬೇಡಿ.

ಶನಿವಾರ ಅಂತೂ ಬಿಡಲೇಬೇಡಿ, ಊರೆಲ್ಲ ಅವತ್ತೇ ಬಂದಿರುತ್ತೆ. ವಾರದ ಮಧ್ಯೆ ಬೆಳಿಗ್ಗೆ ಬೇಗ ಹೋಗಿ. ಕಿಲೋಮೀಟರ್ ಮತ್ತು ಪೆಟ್ರೋಲ್ ಮುಳ್ಳಿನ ಫೋಟೊ ಹೊಡೆದುಕೊಳ್ಳಿ. ಕೆಲಸ, ಪಾರ್ಟು, ಕೂಲಿ ಬೇರೆ ಬೇರೆಯಾಗಿ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. "ನನ್ನ ಕೇಳದೆ ಬೇರೇನೂ ಬಿಚ್ಚಬೇಡಿ, ಹಳೇ ಪಾರ್ಟು ಡಿಕ್ಕಿಯಲ್ಲಿಡಿ" ಅಂತ ನಗುನಗುತ್ತಾ ಹೇಳಿ. ನಗು ಮುಖ್ಯ. ಜಗಳದ ದನಿಯಲ್ಲಿ ಹೇಳಿದರೆ ನಿಮ್ಮ ಕಾರು ಮೂಲೆಗೆ ಹೋಗುತ್ತೆ.

ಪಾರ್ಟು ನೀವೇ ತರುವುದಾದರೆ ಜೆಸಿ ರಸ್ತೆ. ಹಳೇ ಪಾರ್ಟನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಗಾಡಿಯ ಮಾಡೆಲ್ ಮತ್ತು ಇಸವಿ ಬರೆದುಕೊಂಡಿರಿ. ಬಿಲ್ಲು ಕೇಳಿ. ಸಂಜೆ ಮಾಡಿಕೊಂಡು ಹೋದರೆ ಇನ್ನೊಂದು ಲಾಭ: ಅದೇ ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರ ಇದೆ. ಏನಾದರೂ ಕಾರ್ಯಕ್ರಮ ಇದ್ದರೆ ಲಿಂಕ್ ರಾಡ್ ತೊಡೆ ಮೇಲಿಟ್ಟುಕೊಂಡೇ ಕೂತುಬಿಡಿ, ಯಾರೂ ಏನೂ ಅನ್ನಲ್ಲ.

ಕಾರು ಇಲ್ಲದ ದಿನ ಕಚೇರಿಗೆ ಹೋಗುವುದೇ ಸುಖ ಅನ್ನೋದು ನನ್ನ ಅಭಿಪ್ರಾಯ. ಪಾರ್ಕಿಂಗ್ ಚಿಂತೆ ಇಲ್ಲ. ಹಸಿರು ಮಾರ್ಗದ ಮೆಟ್ರೊದಲ್ಲಿ ಕೆ.ಆರ್. ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದರೆ ಕೋಟೆ ಹೈಸ್ಕೂಲು ಹತ್ತಿರ. ಕೆ.ಆರ್. ರಸ್ತೆಯ ಗಾಯನ ಸಮಾಜಕ್ಕಾದರೆ ನ್ಯಾಷನಲ್ ಕಾಲೇಜು ಸ್ಟೇಷನ್. ಗಾಯನ ಸಮಾಜ 1905ರ ಸಂಗೀತ ಸಂಸ್ಥೆ.

ಸ್ವಲ್ಪ ಮುಂಚೆ ಹೋಗಿ, ನಿಮ್ಮ ಎಡಗಡೆ ಮುಂದಿನ ಸಾಲು ಹಿಡಿಯಿರಿ. ಸಾಮಾನ್ಯವಾಗಿ ಮೃದಂಗದವರು ಆ ಕಡೆ, ಪಿಟೀಲಿನವರು ಬಲಕ್ಕೆ. ಮೃದಂಗದವರು ಕಲಸಿದ ರವೆಯ ಉಂಡೆ ತೆಗೆದು ಎಡಮುಖದ ನಡುವೆ ತಟ್ಟುತ್ತಾರೆ, ಬೆರಳಲ್ಲಿ ಒತ್ತುತ್ತಾ ಗುಂಕಿ, ಅಂದರೆ ಆ ಮುಖದ ಗುಂ ಅನ್ನುವ ನಾದ, ನೋಡುತ್ತಾರೆ. ಆಮೇಲೆ ಕಲ್ಲು ತಗೊಂಡು ಬಲಮುಖದ ಅಂಚಿಗೆ ಟಕ್, ಟಕ್. ತಂಬೂರಿಗೆ ಕಿವಿಗೊಟ್ಟು ಇನ್ನೊಂದು ಟಕ್. ಶ್ರುತಿ ಕೂಡಿದ ಗಳಿಗೆ ನಿಮಗೂ ಗೊತ್ತಾಗುತ್ತೆ. ಮೊಬೈಲಿನಲ್ಲಿ ಎಷ್ಟು ಕೇಳಿದರೂ ಇದು ಸಿಗಲ್ಲ. ಪಕ್ಕದ ಅಜ್ಜಿಯೊಬ್ಬರು ತೊಡೆ ಮೇಲೆ ತಾಳ ಹಾಕುತ್ತಾ ನಿಮ್ಮನ್ನು ತಿದ್ದುವುದೂ ಸಿಗಲ್ಲ. ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಶುರುವಾದ ತಕ್ಷಣ ಕಾಫಿಗೆ ಏಳುವವರು ಇದ್ದಾರೆ. ದಯವಿಟ್ಟು ಅವರಲ್ಲಿ ಒಬ್ಬರಾಗಬೇಡಿ.

ಕಾರು ವಾಪಸ್ ತರುವಾಗ ದುಡ್ಡು ಕೊಡುವ ಮೊದಲು ಮೆಕ್ಯಾನಿಕ್‌ನನ್ನೇ ಪಕ್ಕ ಕೂರಿಸಿಕೊಂಡು ಒಂದು ಸುತ್ತು ಹೋಗಿ. ಸ್ಟೀರಿಯೊ ಆಫ್, ಎಸಿ ಆಫ್, ಕಿಟಕಿ ಇಳಿಸಿ, ಅದೇ ಹಂಪು ಹತ್ತಿ ಇಳಿಸಿ. ಟಕ್ ಇನ್ನೂ ಇದ್ದರೆ ವಾದ ಬೇಡ. ಕೀ ಅವನ ಕೈಗೇ ಕೊಟ್ಟು ಮೆಟ್ರೊ ಹತ್ತಿ, ಇಲ್ಲದಿದ್ದರೆ ಕಚೇರಿ ಶುರುವಿನ ವರ್ಣ ತಪ್ಪಿಹೋಗುತ್ತೆ.