ಹಕ್ಕಿ ಕಾಣದ ದಿನವೂ ಬರೆಯಬೇಕು

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಊರಿನಲ್ಲಿ ಎರಡು ಕಾಫಿ ಗುಡ್ಡಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಗದ್ದೆ ಬಯಲಿದೆ. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಮುಗಿಯುವ ಹೊತ್ತಿಗೆ ನಾಟಿ ಹಸಿರಾಗಿ ನಿಂತಿರುತ್ತದೆ, ಏರಿಯ ಹುಲ್ಲಿನಲ್ಲಿ ಇನ್ನೂ ಜಿಗಣೆಗಳಿರುತ್ತವೆ. ಅಂಥ ಒಂದು ಬೆಳಗ್ಗೆ ತೋಡಿನ ಬದಿಯಿಂದ 'ಚಿಫ್ ಇಫ್ ಇಫ್' ಎಂದು ಕೂಗುತ್ತ ಒಂದು ಹಕ್ಕಿ ಎದ್ದು ಹೋದರೆ ವುಡ್ ಸ್ಯಾಂಡ್‌ಪೈಪರ್ ಬಂತು ಎಂದು ನನ್ನ ಪುಸ್ತಕದಲ್ಲಿ ತಾರೀಖು ಬೀಳುತ್ತದೆ. ಗದ್ದೆಗೊರವಗಳ ಬಳಗದ ಹಕ್ಕಿ ಇದು. ಸ್ಕ್ಯಾಂಡಿನೇವಿಯಾದಿಂದ ಸೈಬೀರಿಯಾದವರೆಗಿನ ಜೌಗು ನೆಲದಲ್ಲಿ ಮರಿ ಮಾಡಿ, ಚಳಿಗೆ ಮುನ್ನ ದಕ್ಷಿಣಕ್ಕೆ ಇಳಿಯುತ್ತದೆ. ಹಿಡಿ ಗಾತ್ರದ ಹಕ್ಕಿಯೊಂದು ಅಷ್ಟು ದೂರದಿಂದ ಬಂದು ನಮ್ಮ ಗದ್ದೆಯ ಕೆಸರಿನಲ್ಲಿ ಕಾಲೂರುತ್ತದಲ್ಲ ಎಂಬ ಬೆರಗಿನಿಂದಲೇ ನಾನು ಎಣಿಸಲು ಹೊರಟದ್ದು.

ಎಣಿಸಲು ಶುರು ಮಾಡಿದ್ದು 2016ರ ಚಳಿಗಾಲದಲ್ಲಿ. ಮೊದಲ ಮೂರು ವರ್ಷ ಮಾಡಿದ್ದೆಲ್ಲ ತಪ್ಪು. ಯಾರಾದರೂ "ಕೆಳಗಿನ ಗದ್ದೆಯಲ್ಲಿ ಹಕ್ಕಿ ಕೂತಿದೆ" ಎಂದರೆ ಬೈನಾಕ್ಯುಲರ್ ಹಿಡಿದು ಓಡುತ್ತಿದ್ದೆ. ಕಂಡರೆ ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಹಾಕುತ್ತಿದ್ದೆ, ಕಾಣದಿದ್ದರೆ ಸುಮ್ಮನೆ ಮನೆಗೆ ಬರುತ್ತಿದ್ದೆ. ದಾಖಲೆಗಳನ್ನು ಪರಿಶೀಲಿಸುವ ಸ್ವಯಂಸೇವಕರೊಬ್ಬರು ಒಂದು ಸಲ ಬರೆದು ಕೇಳಿದರು: "ನಿಮ್ಮ ಪಟ್ಟಿಯಲ್ಲಿ ಯಾವಾಗ ನೋಡಿದರೂ ಹಕ್ಕಿ ಇದೆ. ಹಕ್ಕಿ ಸಿಗದ ದಿನ ನೀವು ಗದ್ದೆಗೇ ಹೋಗುವುದಿಲ್ಲವೇ?" ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಹಕ್ಕಿ ಇದ್ದ ದಿನವನ್ನಷ್ಟೇ ಬರೆದಿಟ್ಟರೆ ಅದು ಕಡಿಮೆಯಾಗುತ್ತಿರುವುದು ಕಾಗದದ ಮೇಲೆ ಎಂದಿಗೂ ಕಾಣುವುದಿಲ್ಲ. ಹತ್ತು ಸಲ ಹೋದಲ್ಲಿ ಎಂಟು ಸಲ ಸಿಗುತ್ತಿದ್ದದ್ದು ಈಗ ಮೂರೇ ಸಲ ಸಿಗುತ್ತಿದೆ ಎಂದು ಹೇಳಬೇಕಾದರೆ ಸಿಗದ ಏಳು ದಿನಗಳ ಲೆಕ್ಕವೂ ಕೈಯಲ್ಲಿರಬೇಕು.

ಅಲ್ಲಿಂದ ಕ್ರಮ ಬದಲಾಯಿತು. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಹದಿನೈದು ದಿನಕ್ಕೊಮ್ಮೆ ಅದೇ ಏರಿ, ಅದೇ ದಿಕ್ಕು, ಅದೇ ಹೊತ್ತು. ಡಿಸೆಂಬರ್‌ನಲ್ಲಿ ಮಂಜು ಕರಗುವವರೆಗೆ ಕಾಯುತ್ತೇನೆ, ಇಲ್ಲದಿದ್ದರೆ ಎರಡನೆಯ ಗದ್ದೆಯೇ ಕಾಣುವುದಿಲ್ಲ. ಕಂಡ ಹಕ್ಕಿಯನ್ನೆಲ್ಲ, ಕಾಗೆ ಮೈನಾಗಳನ್ನೂ ಬಿಡದೆ, ಬರೆಯುತ್ತೇನೆ. ಪಟ್ಟಿ ಪೂರ್ತಿಯಾಗಿದ್ದರೆ ಅದರಲ್ಲಿ ಇಲ್ಲದ ಹಕ್ಕಿ ನಿಜಕ್ಕೂ ಕಂಡಿಲ್ಲ ಎಂದು ಅರ್ಥವಾಗುತ್ತದೆ. ನಿಂತ ಪೈರಿನೊಳಗೆ ಇಳಿಯುವುದಿಲ್ಲ, ನಾಯಿಯನ್ನು ಜೊತೆಗೆ ಕರೆದೊಯ್ಯುವುದಿಲ್ಲ.

ಗುರುತು ಹಿಡಿಯುವ ಕಷ್ಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗ್ರೀನ್ ಸ್ಯಾಂಡ್‌ಪೈಪರ್ ಮತ್ತು ವುಡ್ ಸ್ಯಾಂಡ್‌ಪೈಪರ್ ಎರಡಕ್ಕೂ ಬಾಲದ ಬುಡ ಬಿಳಿ. ಏಳುವಾಗ ರೆಕ್ಕೆಯ ಅಡಿಭಾಗ ನೋಡಬೇಕು: ಗ್ರೀನ್‌ಗೆ ಅದು ಕಪ್ಪು, ವುಡ್‌ಗೆ ಮಾಸಲು ಬಿಳಿ. ಕೂತಿದ್ದರೆ ವುಡ್‌ನ ಬೆನ್ನ ಮೇಲೆ ಚುಕ್ಕೆ ಹೆಚ್ಚು, ಕಣ್ಣಿನ ಮೇಲಿನ ಬಿಳಿ ಹುಬ್ಬು ಹಿಂದಕ್ಕೆ ಉದ್ದವಾಗಿ ಹೋಗಿರುತ್ತದೆ. ಕೊಯ್ಲು ಮುಗಿದ ಮೇಲೆ ಒಮ್ಮೆ ಏರಿಯ ಮರೆಯಲ್ಲಿ ಕೂತು ಅರ್ಧ ಗಂಟೆ ಒಂದನ್ನೇ ನೋಡಿದೆ. ಟಿಲ್ಲರ್ ಚಕ್ರ ಬಿಟ್ಟ ಗುಂಡಿಯಲ್ಲಿ ಅಂಗೈ ಆಳದ ನೀರು. ಹಕ್ಕಿ ಅದರ ಅಂಚಿನಲ್ಲಿ ಎರಡು ಹೆಜ್ಜೆ ನಡೆದು, ನಿಂತು, ನೀರಿನ ಮೇಲ್ಪದರದಿಂದ ಹುಳುವೊಂದನ್ನು ಹೆಕ್ಕಿ ಮತ್ತೆ ಎರಡು ಹೆಜ್ಜೆ. ಹಸಿರು ಮಿಶ್ರಿತ ಹಳದಿ ಕಾಲಿಗೆ ಕೆಸರು ಮೆತ್ತಿತ್ತು.

ಸ್ನೈಪ್ ಇನ್ನೂ ಕಠಿಣ. ಕಾಲಿನ ಬುಡದಿಂದಲೇ ಸರ್ರನೆ ಎದ್ದು ಅಡ್ಡಾದಿಡ್ಡಿ ಹಾರುವ ತನಕ ಅದು ಅಲ್ಲಿತ್ತೆಂದೇ ಗೊತ್ತಾಗುವುದಿಲ್ಲ. ಉದ್ದ ಕೊಕ್ಕನ್ನು ಬುಡದವರೆಗೆ ಮಣ್ಣಿಗೆ ಇಳಿಸಿ, ತುದಿಯನ್ನಷ್ಟೇ ಒಳಗೇ ತೆರೆದು ಹುಳು ಹಿಡಿಯುವ ಹಕ್ಕಿಯಾದ್ದರಿಂದ ಅದಕ್ಕೆ ಮೆತ್ತಗಿನ ನೆಲವೇ ಬೇಕು. ಕಾಮನ್ ಸ್ನೈಪ್‌ನ ರೆಕ್ಕೆಯ ಹಿಂದಿನ ಅಂಚಿನಲ್ಲಿ ಬಿಳಿ ಗೆರೆ ಇರುತ್ತದೆ, ಪಿನ್‌ಟೇಲ್ ಸ್ನೈಪ್‌ನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಎರಡು ಸೆಕೆಂಡಿನಲ್ಲಿ ಅದು ಕಾಣದಿದ್ದರೆ 'ಎರಡರಲ್ಲಿ ಒಂದು' ಎಂದೇ ಬರೆಯುತ್ತೇನೆ. ನನ್ನ ಸ್ನೈಪ್ ದಾಖಲೆಗಳಲ್ಲಿ ಹೆಚ್ಚಿನವು ಹಾಗೆಯೇ ಇವೆ, ಅದರ ಬಗ್ಗೆ ನನಗೆ ಬೇಸರವಿಲ್ಲ. ಊಹಿಸಿ ಬರೆದ ಹೆಸರು ಮುಂದೆ ಲೆಕ್ಕ ಮಾಡುವವರ ದಾರಿ ತಪ್ಪಿಸುತ್ತದೆ.

ಮೇಲಿನ ಗದ್ದೆಯ ಅಜ್ಜನಿಗೆ ಸ್ನೈಪ್ ಎಂದರೆ ಕೋವಿಯ ಕಾಲದ ನೆನಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಪರವಾನಗಿ ಪಡೆದ ಬೇಟೆಗೆ ಕೆಲಕಾಲ ದಾರಿಯಿತ್ತು, 1991ರ ತಿದ್ದುಪಡಿ ಅದನ್ನೂ ಮುಚ್ಚಿತು. "ಪುತ್ತರಿ ಹಬ್ಬ ಕಳೆದ ಮೇಲೆ ಈ ಬಯಲಿನಲ್ಲಿ ಹೆಜ್ಜೆಗೊಂದು ಏಳುತ್ತಿತ್ತು ಮಗನೇ, ಕೋವಿ ಬಿಟ್ಟು ಎಷ್ಟು ಕಾಲವಾಯಿತು, ಮತ್ತೂ ಯಾಕೆ ಕಡಿಮೆಯಾಯಿತು?" ಎಂದು ಅವರು ಕೇಳಿದರು. ಉತ್ತರ ನಾವು ನಿಂತ ಜಾಗದಿಂದಲೇ ಕಾಣುತ್ತಿತ್ತು. ಕೂಲಿಯವರು ಸಿಗುವುದಿಲ್ಲ, ಆನೆ ಇಳಿಯುತ್ತದೆ, ಬೆಳೆದ ಭತ್ತಕ್ಕೆ ಖರ್ಚೂ ಹುಟ್ಟುವುದಿಲ್ಲ. ಹಾಗಾಗಿ ಒಬ್ಬರು ಶುಂಠಿ ಹಾಕಿದ್ದರು, ಒಬ್ಬರು ಅಡಿಕೆ, ಇನ್ನೆರಡು ಗದ್ದೆ ಪಾಳು ಬಿದ್ದು ಸೊಂಟದೆತ್ತರ ಹುಲ್ಲಾಗಿತ್ತು. ಶುಂಠಿಗೆ ನೀರು ನಿಲ್ಲಬಾರದು, ಸ್ನೈಪ್‌ಗೆ ನೀರು ಇಂಗಬಾರದು. ಯಾರ ಮೇಲೂ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ, ನಮ್ಮ ಮನೆಯ ಒಂದು ಗದ್ದೆಯನ್ನೂ ನಾವು ಐದು ವರ್ಷ ನಾಟಿ ಮಾಡದೆ ಬಿಟ್ಟಿದ್ದೆವು.

ಈ ಹಕ್ಕಿಗಳು ಅಳಿವಿನ ಅಂಚಿನಲ್ಲಿವೆಯೇ ಎಂದು ಕೇಳುವವರಿಗೆ ನಾನು ಮೊದಲು ಬಿಡಿಸಿ ಹೇಳುವುದು ಕೆಂಪು ಪಟ್ಟಿಯ ವಿಷಯ. ಜೀವಜಾತಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಈ ಪಟ್ಟಿಯಲ್ಲಿ ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್, ಈ ಎರಡು ಸ್ನೈಪ್‌ಗಳು, ಎಲ್ಲವೂ 'ಲೀಸ್ಟ್ ಕನ್ಸರ್ನ್', ಅಂದರೆ ಸದ್ಯಕ್ಕೆ ಆತಂಕವಿಲ್ಲದ ವರ್ಗ. ಅದು ಇಡೀ ಜಗತ್ತಿನ ಲೆಕ್ಕ. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವುಗಳಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಶೇ 30ರಷ್ಟು ಕುಸಿದರೆ 'ವಲ್ನರಬಲ್', ಅಂದರೆ ಅಳಿವಿನ ಅಪಾಯವಿರುವ ವರ್ಗಕ್ಕೆ ಸೇರಿಸಲು ಅದೊಂದೇ ಕಾರಣ ಸಾಕು. ನಮ್ಮ ಬಯಲಿನಲ್ಲಿ ಹಕ್ಕಿ ಪೂರ್ತಿ ಇಲ್ಲವಾದರೂ ಆ ಪಟ್ಟಿ ಅಲುಗುವುದಿಲ್ಲ. ಆದರೆ ಅಲುಗುವಾಗ ಒಟ್ಟಿಗೆ ಅಲುಗುತ್ತದೆ: 2024ರ ಅಕ್ಟೋಬರ್‌ನಲ್ಲಿ 16 ಜಾತಿಯ ವಲಸೆ ನೀರಂಚಿನ ಹಕ್ಕಿಗಳನ್ನು ಒಮ್ಮೆಗೇ ಹೆಚ್ಚಿನ ಅಪಾಯದ ವರ್ಗಕ್ಕೆ ಸರಿಸಿದರು. ಕರ್ಲ್ಯೂ ಸ್ಯಾಂಡ್‌ಪೈಪರ್ ಮತ್ತು ಗ್ರೇ ಪ್ಲೋವರ್ ಈಗ 'ವಲ್ನರಬಲ್'. ಅವು ನಮ್ಮ ಗದ್ದೆಗಿಳಿಯುವ ಹಕ್ಕಿಗಳಲ್ಲ, ಕಡಲ ತೀರದವು. ಗ್ರೇ ಪ್ಲೋವರ್ ಅದಕ್ಕೂ ಮುಂಚೆ 'ಲೀಸ್ಟ್ ಕನ್ಸರ್ನ್' ಸಾಲಿನಲ್ಲೇ ಇತ್ತು ಎನ್ನುವುದು ನನಗೆ ನಿದ್ದೆ ಕೆಡಿಸಿದ ಸಂಗತಿ.

ದೇಶದ ಲೆಕ್ಕವೂ ಒಂದಿದೆ. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಸುಮಾರು 30,000 ಹಕ್ಕಿ ವೀಕ್ಷಕರು ಬರೆದ 3 ಕೋಟಿ ದಾಖಲೆಗಳಿಂದ 942 ಜಾತಿಗಳನ್ನು ಅಳೆದು, 178ಕ್ಕೆ ಹೆಚ್ಚಿನ ಸಂರಕ್ಷಣಾ ಆದ್ಯತೆ ಕೊಟ್ಟಿತು. ದೂರದ ವಲಸೆ ಹಕ್ಕಿಗಳ ಕುಸಿತ ಅದರಲ್ಲಿ ಎದ್ದು ಕಾಣುತ್ತದೆ. ನಮ್ಮಂಥವರು ಏರಿಯ ಮೇಲೆ ನಿಂತು ಬರೆದದ್ದೇ ಆ ರಾಶಿ. ಜನವರಿಯಲ್ಲಿ ಏಷ್ಯಾದ ಜಲಪಕ್ಷಿ ಗಣತಿಯ ಹೊತ್ತಿಗೆ ಹಾರಂಗಿ ಅಥವಾ ಚಿಕ್ಲಿಹೊಳೆಯ ಹಿನ್ನೀರಿಗೂ ಹೋಗಿ ಬರುತ್ತೇನೆ.

ಎಣಿಸಿದ್ದರಿಂದ ಒಂದು ಚಿಕ್ಕ ಕೆಲಸವೂ ಆಯಿತು. ನಮ್ಮ ಪಾಳು ಗದ್ದೆಗೆ ಮತ್ತೆ ನಾಟಿ ಹಾಕಿದೆವು. ಕೊಯ್ಲಿಗೆ ಮುಂಚೆ ಗದ್ದೆಯ ನೀರು ಹೊರಬಿಡುವಾಗ ತೋಡಿನ ಕಡೆಯ ತಗ್ಗು ಮೂಲೆಯ ಬಾಯಿಯನ್ನು ಮಾತ್ರ ಮಣ್ಣು ಹಾಕಿ ಕಟ್ಟಿದೆ. ಅಜ್ಜನ ಬಳಿಯೂ ಹೋಗಿ, "ಅಜ್ಜಾ, ಆ ಮೂಲೆಯಲ್ಲಿ ಫೆಬ್ರವರಿವರೆಗೆ ನೀರು ನಿಲ್ಲಲಿ" ಎಂದು ಕೇಳಿಕೊಂಡೆ. "ಅಲ್ಲಿ ಹೇಗೂ ದನ ಹೂತುಕೊಳ್ಳುತ್ತದೆ, ಇರಲಿ ಬಿಡು" ಎಂದರು. ಮರುವರ್ಷ ಜನವರಿ ಕೊನೆಯಲ್ಲಿ, ಉಳಿದ ಗದ್ದೆಗಳೆಲ್ಲ ಬಿರುಕು ಬಿಟ್ಟಿದ್ದಾಗ, ಆ ಎರಡು ಮೂಲೆಗಳಿಂದ ನಾಲ್ಕು ಸ್ನೈಪ್ ಎದ್ದವು.

ಶುಂಠಿ ಗದ್ದೆಯ ಬದಿಯಲ್ಲಿ ಈಗಲೂ ಅಷ್ಟೇ ಹೊತ್ತು ನಿಲ್ಲುತ್ತೇನೆ. ಮೊನ್ನೆ ಅಜ್ಜನ ಮೊಮ್ಮಗಳು ಜೊತೆಗೆ ಬಂದಿದ್ದಳು. ಏನೂ ಇಲ್ಲದ ಕಡೆ ಯಾಕೆ ನಿಂತಿರಿ ಎಂದು ಕೇಳಿದಳು. ಪೆನ್ಸಿಲನ್ನು ಅವಳ ಕೈಗೆ ಕೊಟ್ಟೆ, ಹೊತ್ತು ಹೇಳಿದೆ, ಸೊನ್ನೆಯನ್ನು ಅವಳೇ ಬರೆದಳು.