ಕಂಟ್ರೋಲ್ ಇಲಿಗಳಿಗೂ ಟೆನ್ಶನ್ ಇತ್ತು

ಬಸುರಿಗೆ ಟೆನ್ಶನ್ ಆದರೆ ಮಗುವಿಗೆ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ತಾಯಿಯ ತಲೆಯೊಳಗೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ನಾನು ಲ್ಯಾಬಿನಲ್ಲಿ ಇಲಿಗಳ ಮೇಲೆ ನೋಡಲು ಹೊರಟಿದ್ದು ಅದನ್ನೇ.

ನಮ್ಮ ಮಿದುಳು ಮೈತೂಕದಲ್ಲಿ ಶೇ. 2ರಷ್ಟು. ಆದರೆ ಸುಮ್ನೆ ಕೂತಿದ್ದರೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟು ಅದಕ್ಕೇ ಬೇಕು. ಆ ಶಕ್ತಿ, ಅಂದರೆ ಎಟಿಪಿ, ಬಹುಪಾಲು ತಯಾರಾಗುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿ. ಅದಕ್ಕೆ ಆಮ್ಲಜನಕ ಬೇಕು. ಎಷ್ಟು ಎಳೆದುಕೊಳ್ಳುತ್ತದೆ ಎಂದು ಅಳೆದರೆ ಕೆಲಸ ಹೇಗೆ ನಡೆದಿದೆ ಎಂದು ಗೊತ್ತಾಗುತ್ತದೆ.

ಇಲಿಯ ಬಸಿರು ಸುಮಾರು 22 ದಿನ. ಕೊನೆಯ ವಾರ ಒಂದು ಗುಂಪನ್ನು ದಿನವೂ ಸ್ವಲ್ಪ ಹೊತ್ತು ಅಲುಗಾಡಲಾಗದ ಪ್ಲಾಸ್ಟಿಕ್ ಕೊಳವೆಯಲ್ಲಿ ಇಟ್ಟೆವು. ಇನ್ನೊಂದು ಗುಂಪು, ಅಂದರೆ ಹೋಲಿಸಿ ನೋಡಲು ಇಟ್ಟ ಕಂಟ್ರೋಲ್, ಗೂಡಿನಲ್ಲೇ ಆರಾಮಾಗಿತ್ತು. ಹಾಗಂದುಕೊಂಡಿದ್ದೆ.

ಮರಿ ಹಾಕಿದ ಮೇಲೆ ತಾಯಿಯ ಮಿದುಳಿನ ಮುಂಭಾಗದ ತುಂಡನ್ನು ಮಂಜುಗಡ್ಡೆಯ ಮೇಲೆ ಇಟ್ಟುಕೊಂಡೇ ಅರೆಯಬೇಕು. ಕೈ ಜೋರಾಗಿ ನೊರೆ ಬಂದರೆ ಆ ಸ್ಯಾಂಪಲ್ ಕೆಟ್ಟಿತು ಅಂತಲೇ ಲೆಕ್ಕ. ಸೆಂಟ್ರಿಫ್ಯೂಜಿನಲ್ಲಿ ಮೊದಲು ನಿಧಾನವಾಗಿ ತಿರುಗಿಸಿ ಕೆಳಗೆ ಕೂತಿದ್ದನ್ನು ಬಿಸಾಡುತ್ತೇನೆ. ಮೇಲಿನ ನೀರನ್ನು ಮತ್ತೆ ಜೋರಾಗಿ ತಿರುಗಿಸಿದರೆ ತಳದಲ್ಲಿ ಒಂದು ಕಂದು ಚುಕ್ಕೆ. ಅದರ ಸುತ್ತ ಬಿಳಿ ಪೊರೆ. ನಮಗೆ ಬೇಕಾದ ಮೈಟೋಕಾಂಡ್ರಿಯಾ ಇರುವುದು ಆ ಕಂದಿನಲ್ಲಿ.

ಅದನ್ನು ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್ ಇರುವ ಚಿಕ್ಕ ಪಾತ್ರೆಗೆ ಹಾಕಿದರೆ, ಉಳಿದ ಆಮ್ಲಜನಕ ಎಷ್ಟೆಂದು ತೋರಿಸುವ ಸ್ಕ್ರೀನಿನ ಗೆರೆ ಮೆಲ್ಲಗೆ ಇಳಿಯುತ್ತದೆ. ಎಟಿಪಿ ತಯಾರಿಸಲು ಬೇಕಾದ ಕಚ್ಚಾಮಾಲು ಎಡಿಪಿ; ಅದರ ಒಂದು ಹನಿ ಬಿದ್ದ ತಕ್ಷಣ ಸರ್ರನೆ ಇಳಿಯುತ್ತದೆ. ಎಡಿಪಿ ಮುಗಿದರೆ ಮತ್ತೆ ನಿಧಾನ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. ಸತ್ತ ಪ್ರಾಣಿಯ ಮಿದುಳಿನ ಚೂರು ಇನ್ನೂ ಉಸಿರಾಡುತ್ತಿರುತ್ತದೆ, ಅಲ್ವಾ!

ಮೊದಲ ಬ್ಯಾಚಿನಲ್ಲಿ ಎರಡೂ ಗುಂಪಿನ ಗೆರೆ ಒಂದೇ ಥರ. ಎಲೆಕ್ಟ್ರೋಡಿಗೆ ಬೈದೆ, ಅದರ ಪೊರೆ ಬದಲಿಸಿದೆ, ಬಫರ್ ದ್ರಾವಣ ಹೊಸದಾಗಿ ಮಾಡಿದೆ. ಏನೂ ಬದಲಾಗಲಿಲ್ಲ. ಕೊನೆಗೆ ತೆಗೆದಿಟ್ಟಿದ್ದ ರಕ್ತದಲ್ಲಿ ಕಾರ್ಟಿಕೋಸ್ಟೀರಾನ್ ಎಂಬ ಟೆನ್ಶನ್ ಹಾರ್ಮೋನ್ ನೋಡಿದೆವು. ನಮ್ಮಲ್ಲಿ ಕಾರ್ಟಿಸಾಲ್ ಮಾಡುವ ಕೆಲಸವನ್ನು ಇಲಿಯಲ್ಲಿ ಇದು ಮಾಡುತ್ತದೆ. ಕಂಟ್ರೋಲ್ ಇಲಿಗಳಲ್ಲೂ ಏರಿತ್ತು.

ಎರಡೂ ಗುಂಪಿನ ಗೂಡು ಒಂದೇ ಕೋಣೆಯಲ್ಲಿದ್ದವು. ಹೆದರಿದ ಇಲಿ ಸುಮಾರು 22 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ. ನಮ್ಮ ಕಿವಿಗೆ 20ರ ಮೇಲೆ ಏನೂ ಕೇಳಿಸುವುದಿಲ್ಲ. ನನಗೆ ಶಾಂತವಾಗಿ ಕಂಡ ಕೋಣೆ ಪಕ್ಕದ ಗೂಡಿನ ಬಸುರಿ ಇಲಿಗೆ ಕಿರುಚಾಟದ ಕೋಣೆ. ಜೊತೆಗೆ ಹೆದರಿದ ಇಲಿಯ ವಾಸನೆಯೂ.

ಕೋಣೆ ಬೇರೆ ಮಾಡಿ ಮೊದಲಿನಿಂದ ಶುರು ಮಾಡಿದೆವು. ಈ ಸಲ ಕೊಳವೆ ಕಂಡ ತಾಯಂದಿರಲ್ಲಿ ಎಡಿಪಿ ಬಿದ್ದಾಗಲೂ ಗೆರೆ ಅಷ್ಟು ಜೋರಾಗಿ ಇಳಿಯಲಿಲ್ಲ. ಇದು ಇಲಿಯ ಮಾತು. ಇದನ್ನು ಹಿಡಿದುಕೊಂಡು ಬಸುರಿ ಹೆಂಗಸಿಗೆ 'ಟೆನ್ಶನ್ ಮಾಡ್ಕೋಬೇಡ' ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೊಳವೆಯೊಳಗೆ ಇಲಿ ತಾನಾಗಿ ಹೋಗಿರಲಿಲ್ಲ.

ಈಗ ಕಂಟ್ರೋಲ್ ಗೂಡುಗಳು ಎರಡು ಬಾಗಿಲು ಆಚೆ ಇವೆ. ದಿನವೂ ಮೊದಲು ಅಲ್ಲಿಗೆ ಹೋಗುತ್ತೇನೆ, ಕೊಳವೆ ಮುಟ್ಟುವುದು ಆಮೇಲೆ.